ಹಳೇ ಕಾರು ನಿಂತಾಗ ನಡುಗಿದರೆ ಎಂಜಿನ್ ಬಿಚ್ಚಿಸಬೇಕಾ? ಜೋತುಬಿದ್ದ ರೂಫ್ ಬಟ್ಟೆಗೆ ಏನು ಮಾಡಬೇಕು?

ಪ್ರಶ್ನೆ: ನಮ್ಮ ಮನೆಯಲ್ಲಿ 2001ರ ಹೋಂಡಾ ಸಿಟಿ 1.3 ಇದೆ. ಅಪ್ಪ ಹೊಸದಾಗಿ ಕೊಂಡಿದ್ದು. 1,20,000 ಕಿ.ಮೀ. ಆಸುಪಾಸು ಓಡಿದೆ. ಈಗ ವಾರಕ್ಕೆ ಒಂದೆರಡು ಸಲ ಮಾತ್ರ ತೆಗೆಯುತ್ತೇವೆ. ಒಂದು ವರ್ಷದಿಂದ ಗಾಡಿ ನಿಂತಾಗ ನಡುಗುತ್ತದೆ. ಎಸಿ ಹಾಕಿದರೆ ಇನ್ನೂ ಜಾಸ್ತಿ, ಕೆಲವು ಸಲ ಆಫ್ ಆಗಿಬಿಡುತ್ತದೆ. ಓಡುವಾಗ ಏನೂ ತೊಂದರೆಯಿಲ್ಲ, ಪಿಕಪ್ ಚೆನ್ನಾಗಿದೆ, ಹೊಗೆ ಇಲ್ಲ. ಒಬ್ಬ ಮೆಕ್ಯಾನಿಕ್ ‘ರಿಂಗ್ ಹೋಗಿದೆ, ಎಂಜಿನ್ ಬಿಚ್ಚಬೇಕು’ ಅಂದರು. ಇನ್ನೊಬ್ಬರು ‘ಎಥೆನಾಲ್ ಪೆಟ್ರೋಲ್‌ನಿಂದ ಹೀಗಾಗಿದೆ’ ಅಂದರು. ಒಳಗೆ ರೂಫ್ ಬಟ್ಟೆ ಜೋತುಬಿದ್ದು ಹಿಂದೆ ಕೂತವರ ತಲೆಗೆ ತಾಗುತ್ತದೆ. ಸದ್ಯಕ್ಕೆ ಗುಂಡುಸೂಜಿ ಚುಚ್ಚಿದ್ದೇನೆ. ಡೋರ್ ಪ್ಯಾಡ್‌ಗಳ ರೆಕ್ಸಿನ್ ಎದ್ದು ಬಂದಿದೆ. ಮಳೆಗಾಲದಲ್ಲಿ ಹಿಂದಿನ ಎಡಗಡೆ ಮ್ಯಾಟ್ ಒದ್ದೆಯಾಗುತ್ತದೆ. ಅಪ್ಪನಿಗೆ ಮಾರಲು ಮನಸ್ಸಿಲ್ಲ. ಎಲ್ಲಿಂದ ಶುರು ಮಾಡಲಿ?
— ಪುತ್ತೂರಿನ ಓದುಗರು

ಉತ್ತರ: ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಓಡುವಾಗ ತೊಂದರೆಯಿಲ್ಲ, ಪಿಕಪ್ ಇದೆ, ಹೊಗೆ ಇಲ್ಲ ಅಂತ ಬರೆದಿದ್ದೀರಿ. ರಿಂಗ್ ಅಂದರೆ ಪಿಸ್ಟನ್ ಸುತ್ತ ಕೂತು ಒತ್ತಡ ಸೋರದ ಹಾಗೆ ತಡೆಯುವ ಬಳೆ. ರಿಂಗ್ ಸವೆದ ಎಂಜಿನ್ ಹಾಗಿರುವುದಿಲ್ಲ. ಅದು ಆಯಿಲ್ ಕುಡಿಯುತ್ತದೆ, ನೀಲಿ ಹೊಗೆ ಬಿಡುತ್ತದೆ, ಶಿರಾಡಿ ಘಾಟಿಯಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ಹತ್ತುವಾಗ ಏದುಸಿರು ಬಿಡುತ್ತದೆ. ಡಿಪ್‌ಸ್ಟಿಕ್ ಒಮ್ಮೆ ನೋಡಿ. ಒಂದು ಸರ್ವಿಸ್‌ನಿಂದ ಇನ್ನೊಂದಕ್ಕೆ ಆಯಿಲ್ ಮಟ್ಟ ಹೆಚ್ಚು ಇಳಿಯದಿದ್ದರೆ, ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಟೆಸ್ಟ್ ಮಾಡಿಸದೆ ಯಾರಿಗೂ ಎಂಜಿನ್ ಮುಟ್ಟಲು ಬಿಡಬೇಡಿ. ಹೋಂಡಾದ ಆ ಕಾಲದ ಪೆಟ್ರೋಲ್ ಎಂಜಿನ್‌ಗಳಿಗೆ ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ್ದರೆ 1,20,000 ಕಿ.ಮೀ. ದೊಡ್ಡ ಓಟವೇನಲ್ಲ.

ನನ್ನ ಅಂದಾಜು ಇಷ್ಟು. ನಿಮ್ಮ ಕಾರಿನಲ್ಲಿ ಕಬ್ಬಿಣ ಹಳತಾಗಿಲ್ಲ. ರಬ್ಬರ್, ಫೋಮ್, ಪ್ಲಾಸ್ಟಿಕ್ ಹಳತಾಗಿವೆ. ನಿಂತಾಗಿನ ನಡುಕಕ್ಕೂ ತಲೆಗೆ ತಾಗುವ ಬಟ್ಟೆಗೂ ಒದ್ದೆ ಮ್ಯಾಟ್‌ಗೂ ಬಹುಪಾಲು ಅದೇ ಕಾರಣ. ಕರಾವಳಿಯ ಸೆಕೆ, ತೇವ ಮತ್ತು ಎರಡು ದಶಕ ದಾಟಿದ ವಯಸ್ಸು.

ಮೊದಲು ನಡುಕದ ವಿಷಯ ನೋಡೋಣ. ಇಲ್ಲಿ ಎರಡು ಬೇರೆ ರೋಗಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಒಂದು, ಎಂಜಿನ್ ನಿಜವಾಗಿ ಮಿಸ್ಸಿಂಗ್ ಹೊಡೆಯುವುದು, ಅಂದರೆ ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು. ಇನ್ನೊಂದು, ಎಂಜಿನ್ ಸರಿಯಾಗೇ ಓಡುತ್ತಿದ್ದರೂ ಅದರ ಸಹಜ ಕಂಪನ ಕಾರಿನ ಮೈಗೆಲ್ಲ ಬರುವುದು. ಎರಡನೆಯದಕ್ಕೆ ಕಾರಣ ಎಂಜಿನ್ನನ್ನು ಹೊತ್ತುಕೊಂಡಿರುವ ಎಂಜಿನ್ ಮೌಂಟಿಂಗ್‌ಗಳು. ಅವುಗಳ ರಬ್ಬರ್ ಸೀಳಿದರೆ ಅಥವಾ ಗಟ್ಟಿಯಾಗಿ ಕಲ್ಲಾದರೆ ಸ್ಟಿಯರಿಂಗ್, ಸೀಟು, ಕನ್ನಡಿ ಎಲ್ಲ ನಡುಗುತ್ತವೆ. ಪ್ಲಗ್ ಬದಲಿಸಿ, ಇಂಜೆಕ್ಟರ್ ತೊಳೆಸಿ, ಥ್ರಾಟಲ್ ಬಾಡಿ (ಎಂಜಿನ್‌ಗೆ ಗಾಳಿ ಬಿಡುವ ಬಾಗಿಲಿರುವ ಭಾಗ) ಕ್ಲೀನ್ ಮಾಡಿಸಿ ಸಾವಿರಾರು ರೂಪಾಯಿ ಹಾಕಿದ ಮೇಲೂ ನಡುಕ ಹಾಗೇ ಇರುವ ಕಾರುಗಳು ನನ್ನ ಗ್ಯಾರೇಜಿಗೆ ಬರುತ್ತಲೇ ಇರುತ್ತವೆ. ಬಹಳಷ್ಟರಲ್ಲಿ ಮೌಂಟಿಂಗ್ ಸೀಳಿರುತ್ತದೆ.

ಎರಡರಲ್ಲಿ ಯಾವುದು ಅಂತ ಮನೆಯಲ್ಲೇ ನೋಡಬಹುದು. ಎಂಜಿನ್ ಚೆನ್ನಾಗಿ ಬಿಸಿಯಾಗಲಿ, ಎಸಿ ಆಫ್ ಇರಲಿ. ಆರ್‌ಪಿಎಂ ಮೀಟರ್ ಇದ್ದರೆ ಮುಳ್ಳು ನೋಡಿ. ಮುಳ್ಳು 700–800ರ ನಡುವೆ ಅಲ್ಲಾಡದೆ ನಿಂತಿದ್ದು ಗಾಡಿ ಮಾತ್ರ ನಡುಗುತ್ತಿದ್ದರೆ ಮೌಂಟಿಂಗ್ ಮೇಲೆ ಅನುಮಾನ ಪಡಿ. ಮುಳ್ಳೇ ಕುಣಿಯುತ್ತಿದ್ದರೆ ಅಥವಾ ಆಗಾಗ ಕುಸಿಯುತ್ತಿದ್ದರೆ ಎಂಜಿನ್ ಕಡೆ ತೊಂದರೆ. ಮೀಟರ್ ಇಲ್ಲದಿದ್ದರೆ ಸೈಲೆನ್ಸರ್ ಬಾಯಿಯಿಂದ ಒಂದು ಗೇಣು ಹಿಂದೆ ಅಂಗೈ ಹಿಡಿಯಿರಿ. ಸರಿಯಿರುವ ಎಂಜಿನ್ನಿನ ಗಾಳಿ ಒಂದೇ ಹದದಲ್ಲಿ ಬಡಿಯುತ್ತದೆ. ಮಿಸ್ಸಿಂಗ್ ಇದ್ದರೆ ನಡುನಡುವೆ ಒಂದು ಬಡಿತ ತಪ್ಪಿ ‘ಪುಸ್’ ಅನ್ನುವುದು ಕೈಗೇ ಗೊತ್ತಾಗುತ್ತದೆ.

ನಿಮ್ಮ ಕಾರು ಎಸಿ ಹಾಕಿದಾಗ ಆಫ್ ಆಗುತ್ತದೆ ಅಂತಿದ್ದೀರಿ. ಹಾಗಾಗಿ ಮೌಂಟಿಂಗ್ ಒಂದೇ ಕಾರಣ ಆಗಿರಲಾರದು. ಎಸಿ ಹಾಕಿದಾಗ ಕಂಪ್ರೆಸರ್‌ನ ಹೊರೆ ಎಂಜಿನ್ ಮೇಲೆ ಬೀಳುತ್ತದೆ. ಆಗ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ನಿಂತಾಗಿನ ಓಟ ಅಂದರೆ ಐಡಲ್ ಕಾಯುವ ಐಡಲ್ ಕಂಟ್ರೋಲ್ ವಾಲ್ವ್‌ಗೆ ಹೇಳಿ ಸ್ವಲ್ಪ ಹೆಚ್ಚು ಗಾಳಿ ಬಿಡಿಸಿ ಆರ್‌ಪಿಎಂ ಹಿಡಿದು ನಿಲ್ಲಿಸಬೇಕು. ಥ್ರಾಟಲ್ ಬಾಡಿಗೆ ಅಂಟಿಕೊಂಡ ಈ ವಾಲ್ವ್‌ನಲ್ಲಿ ವರ್ಷಗಟ್ಟಲೆ ಆಯಿಲ್ ಆವಿ ಮತ್ತು ಕಾರ್ಬನ್ ಸೇರಿ ಕಪ್ಪು ಜಿಡ್ಡು ಕೂತಿರುತ್ತದೆ. ವಾಲ್ವ್ ಹೊತ್ತಿಗೆ ಸರಿಯಾಗಿ ತೆರೆಯದಿದ್ದರೆ ಎಂಜಿನ್ ಕುಸಿದು ನಿಲ್ಲುತ್ತದೆ. ಓಡುವಾಗ ನೀವು ಆಕ್ಸಿಲರೇಟರ್ ಒತ್ತಿರುತ್ತೀರಿ, ಗಾಳಿ ದೊಡ್ಡ ದಾರಿಯಿಂದಲೇ ಬರುತ್ತದೆ. ಹಾಗಾಗಿ ಆಗ ಏನೂ ಗೊತ್ತಾಗುವುದಿಲ್ಲ.

ಥ್ರಾಟಲ್ ಬಾಡಿ ಮತ್ತು ಐಡಲ್ ವಾಲ್ವ್ ಬಿಚ್ಚಿ ಕ್ಲೀನರ್ ಸ್ಪ್ರೇಯಿಂದ ತೊಳೆಯುವುದು ಒಂದು ಬೆಳಗಿನ ಕೆಲಸ. ಅವುಗಳ ಗ್ಯಾಸ್ಕೆಟ್, ಓ-ರಿಂಗ್ ಹೊಸದನ್ನೇ ಹಾಕಿಸಿ, ಹಳೆಯದನ್ನೇ ಕೂರಿಸಿದರೆ ಅಲ್ಲೇ ಗಾಳಿ ಸೋರುತ್ತದೆ. ಇನ್ನೊಂದು ಮಾತು: ಇದ್ಯಾವುದನ್ನೂ ಮಾಡದೆ ಸ್ಕ್ರೂ ತಿರುಗಿಸಿ ‘ಸ್ಲೋ (ಐಡಲ್) ಜಾಸ್ತಿ ಮಾಡಿದ್ದೀನಿ’ ಅನ್ನುವವರಿದ್ದಾರೆ. ಅದರಿಂದ ರೋಗ ಮುಚ್ಚಿಹೋಗುತ್ತದೆ, ಗುಣವಾಗುವುದಿಲ್ಲ. ಥ್ರಾಟಲ್ ಬಾಗಿಲು ಪೂರ್ತಿ ಮುಚ್ಚದ ಹಾಗೆ ತಡೆಯುವ ಸ್ಕ್ರೂವನ್ನು ಕಂಪನಿಯಲ್ಲೇ ಕೂರಿಸಿ ಬಣ್ಣ ಹಚ್ಚಿರುತ್ತಾರೆ. ಅದನ್ನಂತೂ ಮುಟ್ಟಲೇ ಕೂಡದು.

ಈ ಹೋಂಡಾ ಎಂಜಿನ್‌ಗಳ ಇನ್ನೊಂದು ಸ್ವಭಾವ ಬಹಳ ಜನರಿಗೆ ತಿಳಿದಿಲ್ಲ. ಐಡಲ್ ನೋಡಿಕೊಳ್ಳುವ ಭಾಗಗಳ ಪಕ್ಕದಲ್ಲೇ ರೇಡಿಯೇಟರ್ ನೀರು (ಕೂಲೆಂಟ್) ಹರಿಯುತ್ತದೆ. ಕೂಲೆಂಟ್ ಕಡಿಮೆಯಾದರೆ ಅಥವಾ ಅದರಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಆರ್‌ಪಿಎಂ ಮೇಲೆ ಕೆಳಗೆ ಆಡುತ್ತದೆ. ಪ್ಲಾಸ್ಟಿಕ್ ಬಾಟಲಿ ನೋಡಿ ‘ಕೂಲೆಂಟ್ ಇದೆ’ ಅಂದುಕೊಳ್ಳಬೇಡಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬೆಳಗ್ಗೆ, ರೇಡಿಯೇಟರ್ ಕ್ಯಾಪ್ ತೆಗೆದು ಕತ್ತಿನವರೆಗೆ ಇದೆಯಾ ನೋಡಿ. ಬಿಸಿ ಇರುವಾಗ ತೆಗೆದರೆ ಕುದಿನೀರು ಮುಖಕ್ಕೆ ಎರಚುತ್ತದೆ.

ಇನ್ನು ಗಾಳಿ ಸೋರಿಕೆ. ಬ್ರೇಕ್ ಬೂಸ್ಟರ್‌ಗೆ ಹೋಗುವ ಪೈಪು, ಟ್ಯಾಪೆಟ್ ಕವರ್‌ನಿಂದ ಬರುವ, ಎಂಜಿನ್ ಒಳಗಿನ ಆವಿಯನ್ನು ಮತ್ತೆ ಎಂಜಿನ್‌ಗೇ ಕಳಿಸುವ ಪಿಸಿವಿ ಪೈಪು, ಸಣ್ಣ ಸಣ್ಣ ವ್ಯಾಕ್ಯೂಮ್ ಪೈಪುಗಳು, ಇಂಜೆಕ್ಟರ್ ಬುಡದ ರಬ್ಬರ್ ರಿಂಗ್‌ಗಳು, ಎಲ್ಲವೂ ನಿಮ್ಮ ಕಾರಿನ ವಯಸ್ಸಿನವೇ. ಪೈಪನ್ನು ಬೆರಳಲ್ಲಿ ಮಡಚಿ ನೋಡಿ. ಮೇಲ್ಮೈಯಲ್ಲಿ ಸಣ್ಣ ಬಿರುಕು ಬಾಯಿ ತೆರೆದರೆ ಬದಲಿಸಿ. ನಿಮ್ಮ ಎಂಜಿನ್ ಗಾಳಿಯನ್ನು ಅಳೆಯುವುದು ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡದ ಸೆನ್ಸರ್‌ನಿಂದ. ಇಂಥ ಎಂಜಿನ್‌ನಲ್ಲಿ ಎಲ್ಲ ಸಿಲಿಂಡರ್‌ಗಳಿಗೂ ಸಮನಾಗಿ ಸೋರಿಕೆ ಆದರೆ ಆರ್‌ಪಿಎಂ ಏರುತ್ತದೆ ಅಥವಾ ಏರಿಳಿಯುತ್ತದೆ. ಒಂದೇ ಸಿಲಿಂಡರ್‌ನ ಬಳಿ ಸೋರಿದರೆ ಆ ಸಿಲಿಂಡರ್‌ಗೆ ಪೆಟ್ರೋಲ್ ಸಾಲದೆ ನಡುಕ ಬರುತ್ತದೆ. ಬಿಸಿ ಎಂಜಿನ್ ಮೇಲೆ ಕ್ಲೀನರ್ ಸ್ಪ್ರೇ ಹೊಡೆದು ಸೋರಿಕೆ ಹುಡುಕುವ ಪದ್ಧತಿ ಗ್ಯಾರೇಜ್‌ಗಳಲ್ಲಿದೆ. ಅದು ಬೆಂಕಿ ಹತ್ತುವ ದ್ರವ, ಮನೆಯಲ್ಲಿ ಮಾಡಲು ಹೋಗಬೇಡಿ. ವಾರಕ್ಕೊಮ್ಮೆ ತೆಗೆಯುವ ಗಾಡಿಯಲ್ಲಿ ಇಲಿ ಕಾಟವನ್ನೂ ಮರೆಯುವಂತಿಲ್ಲ. ಬಾನೆಟ್ ಕೆಳಗೆ ಹೊಗೆಸೊಪ್ಪು ಇಡುವ ರೂಢಿ ನಿಮ್ಮ ಕಡೆಯೂ ಇರಬಹುದು, ಇಟ್ಟರೆ ತಪ್ಪಿಲ್ಲ. ಆದರೆ ಇಂಜೆಕ್ಟರ್ ವೈರ್‌ಗಳನ್ನು ಟಾರ್ಚ್ ಹಿಡಿದು ಒಮ್ಮೆ ನೋಡಲೇಬೇಕು.

ಕರೆಂಟಿನ ಭಾಗದಲ್ಲಿ ಪ್ಲಗ್, ಪ್ಲಗ್ ವೈರ್, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ಮತ್ತು ರೋಟರ್ ಇವೆ. ಕ್ಯಾಪ್ ತೆಗೆದರೆ ಒಳಗಿನ ತುದಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿರುವುದು ಕರಾವಳಿ ಗಾಡಿಗಳಲ್ಲಿ ಮಾಮೂಲು. ಪ್ಲಗ್ ವೈರ್ ಹಳತಾಗಿದ್ದರೆ ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗ ದೂರದಿಂದ ನೋಡಿ. ವೈರ್ ಮೇಲೆ ನೀಲಿ ಕಿಡಿ ಹರಿಯುವುದು ಕಣ್ಣಿಗೇ ಕಾಣುತ್ತದೆ.

ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ಹುಡುಕಲು ಕೆಲವರು ಎಂಜಿನ್ ಓಡುತ್ತಿರುವಾಗಲೇ ಪ್ಲಗ್ ವೈರ್ ಒಂದೊಂದಾಗಿ ಕೀಳುತ್ತಾರೆ. ಕಾರ್ಬುರೇಟರ್ ಕಾಲದ ಅಭ್ಯಾಸ ಅದು. ಈ ಹೋಂಡಾಗಳಲ್ಲಿ ಕಿಡಿಯ ಕರೆಂಟ್ ಹುಟ್ಟಿಸುವ ಕಾಯಿಲ್ ಮತ್ತು ಇಗ್ನೈಟರ್ ಡಿಸ್ಟ್ರಿಬ್ಯೂಟರ್ ಒಳಗೇ ಇರುತ್ತವೆ. ಹಾಗೆ ಕಿತ್ತರೆ ಅವು ಸುಟ್ಟುಹೋಗಬಹುದು, ಶಾಕ್ ಹೊಡೆಯುತ್ತದೆ, ಉರಿಯದ ಪೆಟ್ರೋಲ್ ಸೈಲೆನ್ಸರ್‌ಗೆ ಹೋಗಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಪ್ಲಗ್ ವೈರ್ ಬದಲು ಇಂಜೆಕ್ಟರ್ ಕನೆಕ್ಟರ್ ತೆಗೆಯಲು ಹೇಳಿ. ಯಾವುದನ್ನು ತೆಗೆದಾಗ ಆರ್‌ಪಿಎಂ ಇಳಿಯುವುದಿಲ್ಲವೋ ಆ ಸಿಲಿಂಡರ್ ಮೊದಲೇ ಸತ್ತಿದೆ ಅಂತ ಅರ್ಥ.

ನಿಮ್ಮ ಬಳಿ ಈಗಾಗಲೇ ಇರುವ ಒಂದು ಕಾಗದವೂ ಸುಳಿವು ಕೊಡುತ್ತದೆ. ಅದು ಹೊಗೆ ತಪಾಸಣೆಯ ಪಿಯುಸಿ ಚೀಟಿ. ಅದರಲ್ಲಿ ಸಿಒ (ಕಾರ್ಬನ್ ಮೊನಾಕ್ಸೈಡ್) ಮತ್ತು ಹೆಚ್‌ಸಿ (ಉರಿಯದೆ ಉಳಿದ ಪೆಟ್ರೋಲ್ ಅಂಶ) ಅಂತ ಎರಡು ಅಂಕಿ ಇರುತ್ತವೆ. ಪಾಸೋ ಫೇಲೋ ಅಂತ ನೋಡಿ ಎಲ್ಲರೂ ಮಡಚಿ ಇಡುತ್ತಾರೆ. ಸಿಒ ಜಾಸ್ತಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಸಿಒ ಕಡಿಮೆಯಿದ್ದು ಹೆಚ್‌ಸಿ ಮಾತ್ರ ಏರಿದ್ದರೆ ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಉರಿಯದೆ ಹೊರಬರುತ್ತಿದೆ, ಅಂದರೆ ಮಿಸ್ಸಿಂಗ್. ಎರಡೂ ಕಡಿಮೆಯಿದ್ದು ಗಾಡಿ ನಡುಗುತ್ತಿದ್ದರೆ ಮತ್ತೆ ಮೌಂಟಿಂಗ್ ಕಡೆಗೇ ಬರಬೇಕು. ಗಾಡಿ ಬಿಸಿಯಿರುವಾಗ, ನಿಮ್ಮ ಎದುರಿಗೇ, ಪೈಪಿಗೆ ಸರಿಯಾಗಿ ಕೊಳವೆ ತೂರಿಸಿ ಪರೀಕ್ಷೆ ಮಾಡಿದ್ದರೆ ಮಾತ್ರ ಈ ಲೆಕ್ಕ ನಂಬಬಹುದು.

ಟ್ಯಾಪೆಟ್, ಅಂದರೆ ವಾಲ್ವ್ ಮೇಲಿನ ಸಣ್ಣ ಸಂದು ಹೊಂದಿಸುವ ಭಾಗದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಹಾನಿ ಮಾಡುವ ಒಂದು ತಪ್ಪು ನಂಬಿಕೆ ಇಲ್ಲಿದೆ. ‘ಟಿಕ್ ಟಿಕ್ ಸದ್ದು ಬಂದರೆ ಟ್ಯಾಪೆಟ್ ಟೈಟ್ ಮಾಡಿಸು’ ಅನ್ನುತ್ತಾರೆ ಅಲ್ವಾ? ಸದ್ದು ಮಾಡುವ ಟ್ಯಾಪೆಟ್‌ಗಿಂತ ಸದ್ದೇ ಮಾಡದ ಟ್ಯಾಪೆಟ್ ಹೆಚ್ಚು ಅಪಾಯ. ಎಕ್ಸಾಸ್ಟ್ ವಾಲ್ವ್‌ಗೆ ಸಂದು ಸಾಲದಿದ್ದರೆ ಬಿಸಿಯಾದಾಗ ಅದು ಪೂರ್ತಿ ಮುಚ್ಚುವುದಿಲ್ಲ. ನಿಂತಾಗ ಕಂಪ್ರೆಶನ್ ಸೋರಿ ನಡುಕ ಬರುತ್ತದೆ. ವೇಗ ಹೆಚ್ಚಾದಾಗ ಸೋರಲು ಸಮಯ ಸಿಗದೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ಹಾಗೇ ಬಿಟ್ಟರೆ ವಾಲ್ವ್ ಸುಟ್ಟು ಹೆಡ್ ಇಳಿಸಬೇಕಾಗುತ್ತದೆ. ಈ ಸಾಲಿನ ಎಂಜಿನ್‌ಗಳಲ್ಲಿ ಇನ್ಲೆಟ್‌ಗೆ ಸುಮಾರು 0.20, ಎಕ್ಸಾಸ್ಟ್‌ಗೆ ಸುಮಾರು 0.25 ಮಿ.ಮೀ. ಸಂದು ಇರುತ್ತದೆ. ನಿಮ್ಮ ಎಂಜಿನ್ನಿನ ಖಚಿತ ಅಳತೆಯನ್ನು ಸರ್ವಿಸ್ ಮ್ಯಾನುಯಲ್ ನೋಡಿಯೇ ಇಡಬೇಕು. ರಾತ್ರಿಯಿಡೀ ತಣ್ಣಗಾದ ಎಂಜಿನ್‌ನಲ್ಲಿ ಸಂದು ಅಳೆಯುವ ಫೀಲರ್ ಗೇಜ್ ಹಾಕಿ ಹೊಂದಿಸುವ ಮೆಕ್ಯಾನಿಕ್ ಬಳಿಗೇ ಹೋಗಿ. ಕಿವಿಯಿಂದ ಕೇಳಿ ಹೊಂದಿಸುವವರಾದರೆ ಬೇಡ.

ಇಷ್ಟೆಲ್ಲ ಆದ ಮೇಲೂ ನಡುಕ ಉಳಿದರೆ ಕಂಪ್ರೆಶನ್ ಟೆಸ್ಟ್. ನಾಲ್ಕೂ ಸಿಲಿಂಡರ್‌ಗಳ ಅಂಕಿ ಬರೆದುಕೊಡಲು ಹೇಳಿ. ಒಂದಕ್ಕೂ ಇನ್ನೊಂದಕ್ಕೂ 25–30 ಪಿಎಸ್‌ಐಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ತೊಂದರೆಯಿದೆ. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಬೇಕು. ಅಂಕಿ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ‘ರಿಂಗ್ ಹೋಗಿದೆ’ ಅನ್ನುವ ಮಾತಿಗೆ ಈ ಅಂಕಿಯೇ ಆಧಾರ. ಅದಿಲ್ಲದೆ ಹೇಳಿದರೆ ಅದು ಬರೀ ಊಹೆ, ಮತ್ತು ಆ ಊಹೆಗೆ ನೀವು ತೆರುವ ಬೆಲೆ ದೊಡ್ಡದು.

ಎಥೆನಾಲ್ ವಿಷಯದಲ್ಲಿ ನಿಮ್ಮ ಎರಡನೇ ಮೆಕ್ಯಾನಿಕ್ ಪೂರ್ತಿ ತಪ್ಪು ಹೇಳಿಲ್ಲ, ಪೂರ್ತಿ ಸರಿಯೂ ಹೇಳಿಲ್ಲ. ಇ20 (ಶೇ. 20 ಎಥೆನಾಲ್ ಬೆರೆಸಿದ) ಪೆಟ್ರೋಲ್ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಈಗ ಬಂಕ್‌ಗಳಲ್ಲಿ ಸಿಗುವುದು ಬಹುಮಟ್ಟಿಗೆ ಅದೇ. ಅಷ್ಟೇ ಪ್ರಮಾಣದ ಪೆಟ್ರೋಲ್‌ಗೆ ಹೋಲಿಸಿದರೆ ಎಥೆನಾಲ್‌ನಲ್ಲಿ ಶಕ್ತಿ ಮೂರನೇ ಒಂದರಷ್ಟು ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುತ್ತದೆ. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಚೆನ್ನಾಗಿದ್ದರೆ ಇಸಿಯು ಪೆಟ್ರೋಲ್ ಹೆಚ್ಚಿಸಿ ಸರಿದೂಗಿಸುತ್ತದೆ. ಸೆನ್ಸರ್ ಸುಸ್ತಾಗಿದ್ದರೆ ಮೊದಲೇ ಇದ್ದ ಸಣ್ಣ ನಡುಕ ಎದ್ದು ಕಾಣುತ್ತದೆ. ನನಗೆ ಹೆಚ್ಚು ಚಿಂತೆ ಇರುವುದು ಎರಡು ವಿಷಯದಲ್ಲಿ. ಎಥೆನಾಲ್ ತೇವ ಹೀರುತ್ತದೆ, ನಿಮ್ಮ ಕಾರು ತೇವದ ಊರಿನಲ್ಲಿ ದಿನಗಟ್ಟಲೆ ನಿಂತಿರುತ್ತದೆ. ಹಾಗಾಗಿ ಒಂದು ತಿಂಗಳಲ್ಲಿ ಓಡಿಸುವಷ್ಟು ಮಾತ್ರ ಪೆಟ್ರೋಲ್ ಹಾಕಿಸಿ. ಎರಡನೆಯದು, 2001ರ ಪೆಟ್ರೋಲ್ ಪೈಪುಗಳ ರಬ್ಬರನ್ನು ಇ20 ಯೋಚನೆಯಲ್ಲಿ ಮಾಡಿದ್ದಲ್ಲ. ಟ್ಯಾಂಕಿನಿಂದ ಎಂಜಿನ್‌ವರೆಗೆ ಇರುವ ರಬ್ಬರ್ ಪೈಪುಗಳನ್ನು ಎಥೆನಾಲ್ ತಾಳುವ ಇಂಜೆಕ್ಷನ್ ಪೈಪಿಗೆ ಬದಲಿಸಿಬಿಡಿ. ಇದನ್ನು ಮುಂದೂಡಬೇಡಿ. ಬಾನೆಟ್ ಬಳಿ ಪೆಟ್ರೋಲ್ ವಾಸನೆ ಬಂದ ದಿನ ಗಾಡಿ ಸ್ಟಾರ್ಟ್ ಮಾಡಲೇಬೇಡಿ. ಬಾಟಲಿಯಲ್ಲಿ ಮಾರುವ ಅಡಿಟಿವ್‌ಗಳು ಸೀಳಿದ ಪೈಪನ್ನಾಗಲೀ ಮೌಂಟಿಂಗನ್ನಾಗಲೀ ಸರಿಮಾಡುವುದಿಲ್ಲ.

ಈಗ ಒಳಗಿನ ಕೆಲಸ. ಗುಂಡುಸೂಜಿ ಚುಚ್ಚಿದ್ದೀರಿ, ಎಲ್ಲರೂ ಮಾಡುವುದೇ. ಕೆಲವರು ಸಿರಿಂಜ್‌ನಲ್ಲಿ ಅಂಟು ಬಿಡುತ್ತಾರೆ. ಎರಡೂ ನಿಲ್ಲುವುದಿಲ್ಲ. ರೂಫ್ ಬಟ್ಟೆ ನೇರವಾಗಿ ಬೋರ್ಡಿಗೆ ಅಂಟಿರುವುದಿಲ್ಲ, ನಡುವೆ ತೆಳು ಫೋಮ್ ಪದರ ಇರುತ್ತದೆ. ಬಿಸಿಲಿನ ಶಾಖಕ್ಕೂ ಗಾಳಿಯ ತೇವಕ್ಕೂ ಆ ಫೋಮ್ ಒಳಗೊಳಗೇ ಕೊಳೆಯುತ್ತದೆ. ಜೋತುಬಿದ್ದ ಅಂಚನ್ನು ಸ್ವಲ್ಪ ಎತ್ತಿ ಬೆರಳಾಡಿಸಿ ನೋಡಿ, ಕಡಲೆಹಿಟ್ಟಿನ ಹಾಗೆ ಹಳದಿ ಪುಡಿ ಉದುರುತ್ತದೆ. ಪುಡಿಯ ಮೇಲೆ ಎಂಥ ಅಂಟು ಹಾಕಿದರೂ ಅದು ಪುಡಿಯನ್ನೇ ಹಿಡಿಯುತ್ತದೆ, ಬೋರ್ಡನ್ನು ಹಿಡಿಯುವುದಿಲ್ಲ.

ಸರಿಯಾದ ದಾರಿ ಬೋರ್ಡ್ ಹೊರತೆಗೆಯುವುದು. ಸನ್ ವೈಸರ್, ಕೈಹಿಡಿಗಳು, ಒಳಗಿನ ಲೈಟು, ಕಂಬಗಳ ಪ್ಲಾಸ್ಟಿಕ್ ಎಲ್ಲ ಬಿಚ್ಚಿ, ಮುಂದಿನ ಸೀಟು ಪೂರ್ತಿ ಹಿಂದಕ್ಕೆ ಒರಗಿಸಿ, ಇಬ್ಬರು ಹಿಡಿದು ಬಾಗಿಲಿನಿಂದ ಓರೆಯಾಗಿ ತೆಗೆಯಬೇಕು. ಬೋರ್ಡ್ ಮಡಚಿದರೆ ಆ ಗೆರೆ ಹೊಸ ಬಟ್ಟೆಯ ಮೇಲೂ ಕಾಣುತ್ತದೆ. ಹಳೇ ಫೋಮನ್ನು ನೈಲಾನ್ ಬ್ರಷ್‌ನಿಂದ ಒಂದು ಚೂರೂ ಉಳಿಯದ ಹಾಗೆ ಉಜ್ಜಬೇಕು. ಬಯಲಲ್ಲಿ ಮಾಡಬೇಕು, ಮುಖಕ್ಕೆ ಮಾಸ್ಕ್ ಬೇಕು. ಕುಶನ್ ಅಂಗಡಿಯವರು ಅವಸರದಲ್ಲಿ ಬಿಟ್ಟುಬಿಡುವುದು ಇದೇ ಕೆಲಸವನ್ನು, ಅಂಗಡಿಯಲ್ಲಿ ನಿಂತು ನೋಡಬೇಕಾದ್ದೂ ಇದನ್ನೇ. ಹೊಸ ಬಟ್ಟೆ ಫೋಮ್ ಸಮೇತ ಬರುವ ರೂಫ್ ಲೈನಿಂಗ್ ಬಟ್ಟೆಯೇ ಆಗಿರಲಿ. ಪರದೆ ಬಟ್ಟೆ, ಸೀಟ್ ಬಟ್ಟೆ ಬೇಡ. ಅಂಟು ಶಾಖ ತಾಳುವ ರಬ್ಬರ್ ಸಲ್ಯೂಷನ್ ಆಗಬೇಕು. ಬೋರ್ಡಿಗೂ ಬಟ್ಟೆಗೂ ಎರಡಕ್ಕೂ ಹಚ್ಚಿ, ಬೆರಳಿಗೆ ಎಳೆ ಬಾರದಷ್ಟು ಒಣಗಿದ ಮೇಲೆ ನಡುವಿನಿಂದ ಅಂಚಿಗೆ ಒತ್ತುತ್ತಾ ಬರಬೇಕು. ಮರಗೆಲಸದ ಬಿಳಿ ಅಂಟು ಬಿಸಿಲಲ್ಲಿ ನಿಂತ ಕಾರಿನ ಚಾವಣಿಯ ಶಾಖಕ್ಕೆ ಮೆತ್ತಗಾಗಿ ಬಿಟ್ಟುಕೊಡುತ್ತದೆ. ನಿಮ್ಮ ಊರಿನಲ್ಲಿ ಈ ಕೆಲಸಕ್ಕೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯದು. ಮಳೆಗಾಲದ ತೇವದಲ್ಲಿ ಸಲ್ಯೂಷನ್ ಸರಿಯಾಗಿ ಹಿಡಿಯುವುದಿಲ್ಲ.

ನಿಮ್ಮ ಕಾರಿನ ಚಾವಣಿಯಲ್ಲಿ ಏರ್‌ಬ್ಯಾಗ್ ಇಲ್ಲ, ಆ ಭಯ ಬೇಡ. ಕರ್ಟನ್ ಏರ್‌ಬ್ಯಾಗ್ ಇರುವ ಹೊಸ ಕಾರುಗಳವರು ಮಾತ್ರ ಇದನ್ನು ಓದಿ ಕುಶನ್ ಅಂಗಡಿಗೆ ಹೋಗಬೇಡಿ.

ಡೋರ್ ಪ್ಯಾಡ್ ಮತ್ತು ಒದ್ದೆ ಮ್ಯಾಟ್ ಒಂದೇ ಕಥೆ. ಗಾಜಿನ ಬೀಡಿಂಗ್ ಎಷ್ಟೇ ಚೆನ್ನಾಗಿದ್ದರೂ ಮಳೆನೀರು ಬಾಗಿಲೊಳಗೆ ಇಳಿದೇ ಇಳಿಯುತ್ತದೆ. ಕೆಳಗಿನ ತೂತುಗಳಿಂದ ಹೊರಹೋಗುವ ಹಾಗೆ ಅದನ್ನು ಮಾಡಿರುತ್ತಾರೆ. ನೀರು ಪ್ಯಾಡ್ ಕಡೆ ಬಾರದ ಹಾಗೆ ಒಳಗೆ ಒಂದು ಪ್ಲಾಸ್ಟಿಕ್ ಶೀಟ್ ಅಂಟಿಸಿರುತ್ತಾರೆ. ಯಾವಾಗಲೋ ಪವರ್ ವಿಂಡೋ ಅಥವಾ ಸ್ಪೀಕರ್ ಕೆಲಸಕ್ಕೆ ಬಿಚ್ಚಿದವರು ಆ ಶೀಟ್ ಹರಿದು ಹಾಗೇ ಬಿಟ್ಟಿರುತ್ತಾರೆ. ನೀರು ನೇರ ಪ್ಯಾಡಿನ ಬೋರ್ಡಿಗೆ, ಅಲ್ಲಿಂದ ಮ್ಯಾಟ್‌ಗೆ. ಬೋರ್ಡ್ ಉಬ್ಬಿದಾಗ ರೆಕ್ಸಿನ್ ಎದ್ದು ಬರುತ್ತದೆ. ಹಾಗಾಗಿ ರೆಕ್ಸಿನ್ ಅಂಟಿಸುವ ಮೊದಲು ಹಿಂದಿನ ಎಡ ಬಾಗಿಲಿನ ಪ್ಯಾಡ್ ತೆಗೆಸಿ. ದಪ್ಪ ಪಾಲಿಥಿನ್ ಶೀಟ್ ಕತ್ತರಿಸಿ ಬ್ಯೂಟೈಲ್ ಟೇಪ್‌ನಿಂದ (ಜಿಗುಟಾದ ರಬ್ಬರ್ ಟೇಪ್) ಸುತ್ತಲೂ ಅಂಟಿಸಿ, ಅದರ ಕೆಳತುದಿ ಬಾಗಿಲಿನ ಒಳಕ್ಕೆ ಇಳಿದಿರಲಿ. ಕೆಳಗಿನ ತೂತುಗಳಲ್ಲಿ ಕೂತ ಮಣ್ಣನ್ನು ಕಡ್ಡಿಯಿಂದ ತೆಗೆಯಿರಿ. ಖರ್ಚು ತೀರಾ ಕಡಿಮೆ. ಮ್ಯಾಟ್ ಕೆಳಗಿನ ಫೆಲ್ಟ್ ಪೂರ್ತಿ ಎತ್ತಿ ಒಣಗಿಸಿ, ತಳದ ತಗಡು ತುಕ್ಕು ಹಿಡಿದಿದೆಯಾ ಅಂತ ಚೂಪಾದ ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ.

ಕಾರು ಇಟ್ಟುಕೊಳ್ಳುವುದೋ ಬೇಡವೋ ಅನ್ನುವುದನ್ನು ನಾನು ಆ ತಗಡು ನೋಡಿಯೇ ಹೇಳುತ್ತೇನೆ. ಎಂಜಿನ್ ರಿಪೇರಿ ಆಗುತ್ತದೆ, ಬಟ್ಟೆ ಬದಲಾಗುತ್ತದೆ. ತಳ ಮತ್ತು ಸಸ್ಪೆನ್ಷನ್ ಕೂರುವ ಜಾಗ ತುಕ್ಕು ತಿಂದಿದ್ದರೆ ಆ ಗಾಡಿಗೆ ದುಡ್ಡು ಹಾಕುವುದು ನಿಲ್ಲಿಸಿ, ಏಕೆಂದರೆ ಅದು ಕೂತವರ ಜೀವದ ಪ್ರಶ್ನೆ. ತಳ ಗಟ್ಟಿಯಿದ್ದರೆ ಅಪ್ಪನ ಮಾತಿನಂತೆ ಇಟ್ಟುಕೊಳ್ಳಿ. ಆರ್‌ಸಿ ಯಾವಾಗ ಮುಗಿಯುತ್ತದೆ ನೋಡಿಕೊಳ್ಳಿ. 20 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2025ರ ಆಗಸ್ಟ್‌ನಿಂದ 10,000 ರೂಪಾಯಿ ಆಗಿದೆ, ಹಸಿರು ತೆರಿಗೆ ಬೇರೆ. ಅದನ್ನೂ ಲೆಕ್ಕಕ್ಕೆ ಸೇರಿಸಿಕೊಂಡೇ ರೂಫ್ ಬಟ್ಟೆಗೆ ಕೈಹಾಕಿ.

ನನ್ನ ಕಾರಾಗಿದ್ದರೆ ಮೊದಲು ಪೆಟ್ರೋಲ್ ಪೈಪುಗಳು, ಕೂಲೆಂಟ್, ಬಾಗಿಲಿನ ಶೀಟ್. ಆಮೇಲೆ ಥ್ರಾಟಲ್ ಬಾಡಿ ಮತ್ತು ಐಡಲ್ ವಾಲ್ವ್ ತೊಳೆಸುವುದು, ಪ್ಲಗ್, ಟ್ಯಾಪೆಟ್. ನಂತರ ಮೌಂಟಿಂಗ್. ಮೌಂಟಿಂಗ್‌ನಲ್ಲಿ ಅಗ್ಗದ ನಕಲಿ ರಬ್ಬರ್ ಬಹಳ ಗಟ್ಟಿ, ಹಾಕಿದ ದಿನವೇ ನಡುಕ ಇನ್ನೂ ಜಾಸ್ತಿಯಾಗುವುದುಂಟು. ಮಂಗಳೂರಿನಲ್ಲಿ ಒರಿಜಿನಲ್ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹಳೇದನ್ನು ಕೈಯಲ್ಲಿ ಹಿಡಿದು ಹೋಲಿಸಿ ತನ್ನಿ. ಶಿವಾಜಿನಗರದ ಗುಜರಿಯಲ್ಲಿ ಡೋರ್ ಪ್ಯಾಡ್, ಕೈಹಿಡಿ, ಕ್ಲಿಪ್‌ಗಳಂಥ ಪ್ಲಾಸ್ಟಿಕ್ ಭಾಗಗಳಿಗೆ ಹುಡುಕಿ. ರಬ್ಬರ್ ಭಾಗಗಳನ್ನು ಮಾತ್ರ ಗುಜರಿಯಿಂದ ತರಬೇಡಿ, ಅವೂ ನಿಮ್ಮ ಕಾರಿನಷ್ಟೇ ಹಳೆಯವು.

ಇಷ್ಟು ಮಾಡಿಸಿದ ಮೇಲೂ ನಡುಕ ಇದ್ದರೆ ಪಿಯುಸಿಯ ಎರಡು ಅಂಕಿ, ನಾಲ್ಕು ಸಿಲಿಂಡರ್‌ಗಳ ಕಂಪ್ರೆಶನ್ ಅಂಕಿ ಮತ್ತು ಎಸಿ ಹಾಕಿದಾಗ, ಆಫ್ ಮಾಡಿದಾಗ ಆರ್‌ಪಿಎಂ ಎಷ್ಟು ಅನ್ನುವುದನ್ನು ಬರೆದು ಕಳಿಸಿ.